ಲಿಂಕ್ ಒತ್ತಿದರೆ ಎಲ್ಲಿ ತೆರೆಯಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರೌಸರ್ ಬಗ್ಗೆ ಏನಾದರೂ ತೊಂದರೆ ಇದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಲಿಂಕ್ ಮತ್ತು ಟ್ಯಾಬ್ ಕುರಿತೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೆನುಗಳ ಹೆಸರನ್ನು ಇಂಗ್ಲಿಷ್ ಮೆನುವಿನಲ್ಲಿ ಇರುವಂತೆಯೇ ಬರೆದಿದ್ದೇನೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕನ್ನಡ ಮೆನುವಿನಲ್ಲೂ ಸಿಗುತ್ತವೆ. ಹಾಗೆ ಇಟ್ಟುಕೊಂಡವರಿಗೆ ಪದ ಬೇರೆ ಕಾಣಬಹುದು, ಒತ್ತಬೇಕಾದ ಜಾಗ ಮಾತ್ರ ಅದೇ.

ಪ್ರಶ್ನೆ: ಪಾಠಕ್ಕೆ ಬೇಕಾದ ಲೇಖನ ಓದುತ್ತಿರುತ್ತೇನೆ. ನಡುವೆ ಒಂದು ಲಿಂಕ್ ಒತ್ತಿದರೆ ಕೆಲವು ಸಲ ಹೊಸ ಟ್ಯಾಬ್ ಬರುತ್ತದೆ, ಕೆಲವು ಸಲ ಓದುತ್ತಿದ್ದ ಪುಟವೇ ಮಾಯವಾಗಿ ಅದರ ಜಾಗದಲ್ಲಿ ಬೇರೆ ಪುಟ ಕೂರುತ್ತದೆ. ಇದಕ್ಕೆ ನಿಯಮವೇ ಇಲ್ವಾ? ಎಲ್ಲ ಲಿಂಕೂ ಹೊಸ ಟ್ಯಾಬಿನಲ್ಲೇ ತೆರೆಯುವ ಹಾಗೆ ಮಾಡಬಹುದಾ?
(ಕಾಲೇಜು ಉಪನ್ಯಾಸಕಿ, ಹಾಸನ)

ಉತ್ತರ: ನಿಯಮ ಇದೆ ಮೇಡಂ, ಆದರೆ ಅದನ್ನು ಬರೆಯುವವರು ನೀವಲ್ಲ, ಆ ಪುಟವನ್ನು ಮಾಡಿದವರು. ಪುಟದ ಒಳಗಿನ ಕೋಡ್‌ನಲ್ಲಿ ಪ್ರತಿ ಲಿಂಕಿಗೂ 'ಟಾರ್ಗೆಟ್' ಎಂಬ ಒಂದು ಗುಣ ಸೇರಿಸಲು ಅವಕಾಶ ಇದೆ. ಅಲ್ಲಿ ಏನೂ ಬರೆಯದೆ ಬಿಟ್ಟರೆ ಲಿಂಕ್ ಅದೇ ಟ್ಯಾಬಿನಲ್ಲಿ ತೆರೆಯುತ್ತದೆ, 'ಬ್ಲ್ಯಾಂಕ್' ಎಂದು ಬರೆದಿದ್ದರೆ ಹೊಸ ಟ್ಯಾಬ್ ಬರುತ್ತದೆ. ಒಂದು ತಾಣದವರು ಹಾಗೆ ಬರೆದಿರುತ್ತಾರೆ, ಇನ್ನೊಬ್ಬರು ಬರೆದಿರುವುದಿಲ್ಲ, ಒಂದೇ ತಾಣದಲ್ಲಿ ಇಬ್ಬರು ಕೆಲಸ ಮಾಡಿದ್ದರೆ ಅಲ್ಲೂ ಬೆರಕೆ ಇರುತ್ತದೆ. ಓದುವವರಿಗೆ ಇದು ಹೊರಗಿನಿಂದ ಕಾಣುವುದೇ ಇಲ್ಲ, ಒತ್ತಿದ ಮೇಲಷ್ಟೇ ಗೊತ್ತಾಗುತ್ತದೆ.

ಆದರೆ ನಿಮ್ಮ ಕೈಯಲ್ಲಿ ಒಂದು ಅಧಿಕಾರ ಇದೆ, ಅದು ಪುಟದ ನಿಯಮಕ್ಕಿಂತ ಮೇಲಿನದು. ಕಂಟ್ರೋಲ್ ಕೀ ಹಿಡಿದುಕೊಂಡು ಲಿಂಕ್ ಒತ್ತಿದರೆ, ಪುಟ ಮಾಡಿದವರು ಏನೇ ಬರೆದಿರಲಿ, ಅದು ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಕೀ. ಮೌಸ್ ಇದ್ದರೆ ಇನ್ನೂ ಸುಲಭ: ಮಧ್ಯದಲ್ಲಿರುವ ಚಕ್ರ ಬರೀ ಉರುಳಿಸುವುದಕ್ಕಲ್ಲ, ಅದೂ ಒಂದು ಬಟನ್. ಲಿಂಕ್ ಮೇಲೆ ಬಾಣ ಇಟ್ಟು ಚಕ್ರವನ್ನು ಒತ್ತಿ ನೋಡಿ. ವರ್ಷಗಟ್ಟಲೆ ಕಂಪ್ಯೂಟರ್ ಬಳಸಿದವರೂ ಇದನ್ನು ಗಮನಿಸಿರುವುದಿಲ್ಲ. ಈ ಅಂಕಣದಿಂದ ಒಂದೇ ವಿಷಯ ಕಲಿಯಬೇಕು ಅಂದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ.

ಈ ಚಕ್ರದ ಒತ್ತು ಬೇರೆ ಕಡೆಯೂ ನಡೆಯುತ್ತದೆ. ಬುಕ್‌ಮಾರ್ಕ್ ಮೇಲೆ ಒತ್ತಿದರೆ ಅದು ಹೊಸ ಟ್ಯಾಬಿನಲ್ಲಿ ಬರುತ್ತದೆ. ಹಿಂದಕ್ಕೆ ಹೋಗುವ ಬಾಣದ ಮೇಲೆ ಒತ್ತಿದರೆ ಈಗಿನ ಪುಟ ಹಾಗೇ ಉಳಿದು ಹಿಂದಿನ ಪುಟ ಪಕ್ಕದಲ್ಲಿ ತೆರೆಯುತ್ತದೆ. ಟ್ಯಾಬಿನ ಮೇಲೇ ಒತ್ತಿದರೆ ಆ ಟ್ಯಾಬ್ ಮುಚ್ಚುತ್ತದೆ, ಸಣ್ಣ ಇಂಟು ಗುರುತು ಹುಡುಕುವ ಕೆಲಸ ಇಲ್ಲ. ಅಡ್ರೆಸ್ ಬಾರಿನಲ್ಲಿ ಏನಾದರೂ ಟೈಪ್ ಮಾಡಿ ಸುಮ್ನೆ ಎಂಟರ್ ಒತ್ತುವ ಬದಲು ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಅದೂ ಹೊಸ ಟ್ಯಾಬಿಗೆ ಹೋಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಮೌಸ್ ಇಲ್ಲದಿದ್ದರೆ? ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಟಚ್‌ಪ್ಯಾಡ್ ಎಂದು ಹೋಗಿ. ಅಲ್ಲಿ ಮೂರು ಬೆರಳಿನ ಸನ್ನೆಗಳ ಭಾಗದಲ್ಲಿ 'ಟ್ಯಾಪ್ಸ್' ಎಂದಿರುತ್ತದೆ, ಅದಕ್ಕೆ 'ಮಿಡಲ್ ಮೌಸ್ ಬಟನ್' ಆರಿಸಿ. ಆಮೇಲೆ ಮೂರು ಬೆರಳಿಂದ ಒಮ್ಮೆ ತಟ್ಟಿದರೆ ಚಕ್ರ ಒತ್ತಿದ ಹಾಗೆಯೇ.

ಇನ್ನು 'ಎಲ್ಲ ಲಿಂಕೂ ತಾನಾಗಿ' ಹೊಸ ಟ್ಯಾಬಿನಲ್ಲಿ ಬರಬೇಕು ಎನ್ನುವ ಸೆಟ್ಟಿಂಗ್ ಕ್ರೋಮ್‌ನಲ್ಲೂ ಇಲ್ಲ, ಫೈರ್‌ಫಾಕ್ಸ್‌ನಲ್ಲೂ ಇಲ್ಲ. ಅದಕ್ಕೆಂದೇ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳು, ಸಿಗುತ್ತವೆ, ಆದರೆ ಹಾಕಿಕೊಳ್ಳಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಎಲ್ಲ ಪುಟಗಳ ಲಿಂಕನ್ನೂ ಬದಲಿಸಬೇಕಾದರೆ ಆ ಎಕ್ಸ್‌ಟೆನ್ಷನ್‌ಗೆ ನೀವು ನೋಡುವ ಎಲ್ಲ ತಾಣಗಳ ಮಾಹಿತಿ ಓದುವ ಮತ್ತು ತಿದ್ದುವ ಅನುಮತಿ ಕೊಡಬೇಕು. ಅದರಲ್ಲಿ ಬ್ಯಾಂಕಿನ ಪುಟವೂ ಬಂತು. ಒಂದು ಕಂಟ್ರೋಲ್ ಕೀ ಉಳಿಸುವುದಕ್ಕೆ ಅಷ್ಟು ಬೆಲೆ ಬೇಡ.

ಹುಡುಕಾಟದ ಪುಟಕ್ಕೆ ಮಾತ್ರ ಬೇರೆ ದಾರಿ ಇದೆ. ಗೂಗಲ್‌ನ ಸರ್ಚ್ ಸೆಟ್ಟಿಂಗ್ಸ್ ಒಳಗೆ 'ಅದರ್ ಸೆಟ್ಟಿಂಗ್ಸ್' ಎಂಬಲ್ಲಿ ಫಲಿತಾಂಶಗಳನ್ನು ಹೊಸ ವಿಂಡೋದಲ್ಲಿ ತೆರೆಯುವ ಆಯ್ಕೆ ಇದೆ. ಹೆಸರು ವಿಂಡೋ ಎಂದಿದ್ದರೂ ಬರುವುದು ಹೊಸ ಟ್ಯಾಬೇ. ಡಕ್‌ಡಕ್‌ಗೋ ಮತ್ತು ಬಿಂಗ್‌ನಲ್ಲೂ ಇಂಥದೇ ಆಯ್ಕೆ ಇದೆ. ಪಾಠಕ್ಕೆ ಹುಡುಕುವ ನಿಮಗೆ ಇದು ನಿಜಕ್ಕೂ ಅನುಕೂಲ: ಫಲಿತಾಂಶದ ಪಟ್ಟಿ ಕದಲದೆ ಒಂದು ಕಡೆ ಇರುತ್ತದೆ, ಬೇಕಾದ್ದನ್ನೆಲ್ಲ ಒಂದೊಂದಾಗಿ ತೆರೆದು ನೋಡಬಹುದು.

ಒಂದು ಮಾತು ಉಳಿಯಿತು. ಕೆಲವು ತಾಣಗಳಲ್ಲಿ ಲಿಂಕಿನ ಹಾಗೆ ಕಾಣುವುದು ನಿಜವಾದ ಲಿಂಕ್ ಆಗಿರುವುದಿಲ್ಲ, ಒತ್ತಿದಾಗ ಒಂದು ಪ್ರೋಗ್ರಾಂ ಓಡುವ ಬಟನ್ ಆಗಿರುತ್ತದೆ. ಅಲ್ಲಿ ಕಂಟ್ರೋಲ್ ಕೀಯೂ ಚಕ್ರವೂ ಕೆಲಸ ಮಾಡುವುದಿಲ್ಲ. ಆಗ ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಡೂಪ್ಲಿಕೇಟ್' ಒತ್ತಿ, ಅದೇ ಪುಟದ ಇನ್ನೊಂದು ಪ್ರತಿ ಬರುತ್ತದೆ. ಒಂದರಲ್ಲಿ ಮುಂದೆ ಹೋಗಿ, ಇನ್ನೊಂದು ಹಾಗೇ ಇರಲಿ. ಬ್ಯಾಂಕ್ ಅಥವಾ ಹಣ ಕಟ್ಟುವ ಪುಟದಲ್ಲಿ ಮಾತ್ರ ಹೀಗೆ ಮಾಡಬೇಡಿ. ಎರಡು ಪ್ರತಿ ಕಂಡರೆ ಅಂಥ ತಾಣಗಳು ಅನುಮಾನ ಪಟ್ಟು ಲಾಗೌಟ್ ಮಾಡಿಬಿಡಬಹುದು.

ಪ್ರಶ್ನೆ: ನನಗೆ ಇದರ ಉಲ್ಟಾ ಬೇಕು. ತುಮಕೂರಿನಲ್ಲಿರುವ ನಮ್ಮ ತಂದೆ 2004ರಲ್ಲಿ ನಿವೃತ್ತರಾದರು, ಕಚೇರಿಯಲ್ಲೇ ಕಂಪ್ಯೂಟರ್ ಕಲಿತವರು. ಲಿಂಕ್ ಒತ್ತಿದಾಗ ಹೊಸ ಟ್ಯಾಬ್ ತೆರೆದುಕೊಂಡರೆ ಅವರಿಗೆ ಅದು ಗೊತ್ತಾಗುವುದಿಲ್ಲ. ಹಿಂದಕ್ಕೆ ಹೋಗುವ ಬಾಣ ಒತ್ತುತ್ತಾರೆ, ಅದು ಮಂಕಾಗಿರುತ್ತದೆ, ಕಂಪ್ಯೂಟರ್ ಕೆಟ್ಟಿದೆ ಎಂದು ನನಗೆ ಫೋನ್ ಮಾಡುತ್ತಾರೆ. ಎಲ್ಲವೂ ಒಂದೇ ಟ್ಯಾಬಿನಲ್ಲಿ ತೆರೆಯುವ ಹಾಗೆ ಮಾಡಬಹುದಾ?
(ಕನ್ನಡಿಗ, ನ್ಯೂಜೆರ್ಸಿ)

ಉತ್ತರ: ನಿಮ್ಮ ತಂದೆಯವರ ಕಡೆ ನ್ಯಾಯ ಇದೆ. ಅವರು ಕೆಲಸ ಬಿಡುವ ಹೊತ್ತಿಗೆ ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ಅದರಲ್ಲಿ ಟ್ಯಾಬ್ ಎನ್ನುವುದೇ ಇರಲಿಲ್ಲ. ಮೊಜಿಲ್ಲಾ ಬ್ರೌಸರಿಗೆ 2001ರಲ್ಲೇ ಟ್ಯಾಬ್ ಬಂದಿತ್ತು, ಒಪೆರಾ ಬಳಸುವವರಿಗೂ ಒಂದೇ ಕಿಟಕಿಯಲ್ಲಿ ಹಲವು ಪುಟ ಇಟ್ಟುಕೊಳ್ಳುವುದು ಗೊತ್ತಿತ್ತು. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅದು ಬಂದದ್ದು 7ನೇ ಆವೃತ್ತಿಯಲ್ಲಿ, 2006ರ ಅಕ್ಟೋಬರ್‌ನಲ್ಲಿ. ಅಂದರೆ ಅವರು ಕಲಿತದ್ದರಲ್ಲಿ ತಪ್ಪೇನೂ ಇಲ್ಲ, ಹಿಂದಿನ ಪುಟಕ್ಕೆ ಹೋಗಲು ಹಿಂದಿನ ಬಾಣ ಒತ್ತಬೇಕು ಎನ್ನುವುದು ಸರಿಯಾದ ತಿಳಿವಳಿಕೆಯೇ. ಪ್ರತಿ ಟ್ಯಾಬೂ ತನ್ನದೇ ಇತಿಹಾಸ ಇಟ್ಟುಕೊಳ್ಳುತ್ತದೆ. ಹೊಸ ಟ್ಯಾಬಿಗೆ ಹಿಂದಿನದು ಎನ್ನುವುದೇ ಇಲ್ಲ, ಅದಕ್ಕೇ ಬಾಣ ಮಂಕಾಗುವುದು.

ಕ್ರೋಮ್‌ನಲ್ಲೂ ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರಿನಲ್ಲೂ ಇದಕ್ಕೆ ಸೆಟ್ಟಿಂಗ್ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಇದೆ, ಆದರೆ ಒಳಗೆ ಅಡಗಿದೆ. ಅಡ್ರೆಸ್ ಬಾರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಅಬೌಟ್', ಒಂದು ಕೋಲನ್, ನಂತರ 'ಕಾನ್ಫಿಗ್', ಹೀಗೆ ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಎಚ್ಚರಿಕೆಯ ಪುಟ ಬರುತ್ತದೆ, ಒಪ್ಪಿ ಮುಂದೆ ಹೋಗಿ. ಅಲ್ಲಿನ ಹುಡುಕಾಟದ ಜಾಗದಲ್ಲಿ 'ಓಪನ್', ಅಂಡರ್‌ಸ್ಕೋರ್, 'ನ್ಯೂವಿಂಡೋ' ಎಂದು ಸೇರಿಸಿ ಬರೆಯಿರಿ. ಬರುವ ಸಾಲುಗಳಲ್ಲಿ ಅತಿ ಚಿಕ್ಕ ಹೆಸರಿನದು, 'ಬ್ರೌಸರ್ ಡಾಟ್ ಲಿಂಕ್' ಎಂದು ಶುರುವಾಗಿ ಈ ಪದದಲ್ಲೇ ಮುಗಿಯುವುದು, ನಿಮಗೆ ಬೇಕಾದದ್ದು. ಅದರ ಎದುರಿಗೆ 3 ಎಂದಿರುತ್ತದೆ. 3 ಅಂದರೆ ಹೊಸ ಟ್ಯಾಬ್, 2 ಅಂದರೆ ಹೊಸ ವಿಂಡೋ, 1 ಅಂದರೆ ಈಗಿನ ಟ್ಯಾಬ್. ಅದನ್ನು 1 ಮಾಡಿ. ಅಷ್ಟೇ. ಇನ್ನು ಮೇಲೆ ಹೊಸ ಟ್ಯಾಬ್ ಕೇಳುವ ಲಿಂಕುಗಳೂ ಅದೇ ಟ್ಯಾಬಿನಲ್ಲಿ ತೆರೆಯುತ್ತವೆ, ಹಿಂದಿನ ಬಾಣವೂ ಕೆಲಸ ಮಾಡುತ್ತದೆ. ನೀವು ರಜೆಗೆ ಬಂದಾಗ ಅದೇ ಕಂಪ್ಯೂಟರಿನಲ್ಲಿ ಕಂಟ್ರೋಲ್ ಹಿಡಿದು ಒತ್ತಿದರೆ ನಿಮಗೆ ಮಾತ್ರ ಹೊಸ ಟ್ಯಾಬ್ ಬರುತ್ತದೆ, ಅದಕ್ಕೇನೂ ಅಡ್ಡಿ ಇಲ್ಲ.

ಆ ಪುಟದಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ. ಮತ್ತೆ, ಹಣ ಕಟ್ಟುವಾಗ ಕೆಲವು ತಾಣಗಳು ಬ್ಯಾಂಕಿನ ಪುಟವನ್ನು ಬೇರೆ ಕಡೆ ತೆರೆದು, ಮೂಲ ಪುಟ ತೆರೆದೇ ಇರಲಿ ಎಂದು ಕಾಯುತ್ತವೆ. 1 ಇಟ್ಟಾಗ ಬ್ಯಾಂಕಿನ ಪುಟ ಮೂಲ ಪುಟದ ಮೇಲೇ ಬಂದು ಕೂತು ವ್ಯವಹಾರ ಅರ್ಧಕ್ಕೆ ನಿಲ್ಲಬಹುದು. ತಂದೆಯವರು ಕರೆಂಟ್ ಬಿಲ್ ಇತ್ಯಾದಿ ಆನ್‌ಲೈನ್ ಕಟ್ಟುವವರಾದರೆ ಅದಕ್ಕೆ ಕ್ರೋಮ್, ಓದುವುದಕ್ಕೆ ಫೈರ್‌ಫಾಕ್ಸ್ ಎಂದು ಎರಡು ಮಾಡಿ ಕೊಡಿ.

ಫೈರ್‌ಫಾಕ್ಸ್ ಬೇಡ ಎಂದರೆ ಅವರಿಗೆ ಒಂದೇ ಒಂದು ಹೊಸ ಅಭ್ಯಾಸ ಹೇಳಿಕೊಡಿ: ಹಿಂದಿನ ಬಾಣ ಮಂಕಾಗಿದ್ದರೆ ಕಂಟ್ರೋಲ್ ಮತ್ತು ಡಬ್ಲ್ಯೂ ಒಟ್ಟಿಗೆ ಒತ್ತಬೇಕು. ಈಗಿನ ಟ್ಯಾಬ್ ಮುಚ್ಚಿ, ಸಾಮಾನ್ಯವಾಗಿ ಅದನ್ನು ತೆರೆದ ಮೊದಲಿನ ಪುಟವೇ ಕಾಣುತ್ತದೆ. ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದರೂ ಆಯಿತು.

ಪ್ರಶ್ನೆ: ಹೊಸ ಟ್ಯಾಬ್ ತೆರೆದರೂ ಕಣ್ಣೆದುರಿಗೆ ಹಳೇ ಪುಟವೇ ಇರುತ್ತದೆ, ನಾನೇ ಆ ಟ್ಯಾಬಿಗೆ ಹೋಗಬೇಕು. ತಾನಾಗಿ ಹೋಗುವುದಿಲ್ವಾ?
(ಪದವಿ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಕಂಟ್ರೋಲ್ ಜೊತೆ ಶಿಫ್ಟ್ ಕೂಡ ಹಿಡಿದು ಒತ್ತಿ, ತಕ್ಷಣ ಹೊಸ ಟ್ಯಾಬಿಗೆ ಹೋಗುತ್ತೀರಿ. ಶಿಫ್ಟ್ ಒಂದೇ ಹಿಡಿದರೆ ಹೊಸ ವಿಂಡೋ. ಯಾವಾಗಲೂ ಹಾಗೇ ಆಗಬೇಕು ಅಂದರೆ ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಟ್ಯಾಬ್ಸ್ ಭಾಗದಲ್ಲಿ, ಹೊಸ ಟ್ಯಾಬಿನಲ್ಲಿ ಲಿಂಕ್ ತೆರೆದಾಗ ಕೂಡಲೇ ಅಲ್ಲಿಗೆ ಹೋಗು ಎಂಬ ಅರ್ಥದ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ಮ್ಯಾಕ್‌ನ ಸಫಾರಿಯಲ್ಲೂ ಟ್ಯಾಬ್ಸ್ ಸೆಟ್ಟಿಂಗ್‌ನಲ್ಲಿ ಇದೇ ರೀತಿಯದು ಇದೆ. ಕ್ರೋಮ್‌ನಲ್ಲಿ ಇಲ್ಲ.

ನನ್ನನ್ನು ಕೇಳಿದರೆ, ಹಿಂದೆ ತೆರೆಯುವುದೇ ಓದುವವರಿಗೆ ಒಳ್ಳೆಯದು. ಓದುತ್ತಿರುವ ಸಾಲಿನಿಂದ ಕಣ್ಣು ಕದಲುವುದಿಲ್ಲ, ಬೇಕೆನಿಸಿದ ಲಿಂಕುಗಳನ್ನೆಲ್ಲ ಒತ್ತುತ್ತಾ ಹೋಗಬಹುದು, ಲೇಖನ ಮುಗಿಯುವ ಹೊತ್ತಿಗೆ ಅವು ಲೋಡ್ ಆಗಿ ಸಾಲಾಗಿ ಕಾದಿರುತ್ತವೆ. ನೆಟ್ ನಿಧಾನ ಇರುವ ಕಡೆ ಇದರ ಲಾಭ ಇನ್ನೂ ಜಾಸ್ತಿ.

ಪ್ರಶ್ನೆ: ಪಹಣಿ ತೆಗೆಯಲು ಒಂದು ಸರ್ಕಾರಿ ತಾಣಕ್ಕೆ ಹೋಗುತ್ತೇನೆ. ಎಲ್ಲ ತುಂಬಿ 'ವ್ಯೂ' ಒತ್ತಿದರೆ ಏನೂ ಆಗುವುದಿಲ್ಲ. ಪಟ್ಟಣದ ಸೈಬರ್ ಸೆಂಟರಿನಲ್ಲಿ ಮಾತ್ರ ಅದೇ ಬಟನ್ ಒತ್ತಿದರೆ ಹೊಸ ಪುಟ ಬರುತ್ತದೆ. ನಮ್ಮ ಮನೆಯ ಕಂಪ್ಯೂಟರಿನದೇ ದೋಷವಾ?
(ಕೃಷಿಕರು, ಹಾವೇರಿ ಜಿಲ್ಲೆ)

ಉತ್ತರ: ಕಂಪ್ಯೂಟರಿನ ದೋಷ ಅಲ್ಲ, ಬ್ರೌಸರ್ ಆ ಪುಟವನ್ನು ತಡೆದಿರುವ ಸಾಧ್ಯತೆ ಹೆಚ್ಚು. ಬಟನ್ ಒತ್ತಿದ ಮೇಲೆ ಒಮ್ಮೆ ಅಡ್ರೆಸ್ ಬಾರಿನ ಬಲತುದಿ ನೋಡಿ. ಒಂದು ಸಣ್ಣ ಕಿಟಕಿಯ ಚಿತ್ರ, ಅದರ ಮೇಲೆ ಅಡ್ಡಗೆರೆ ಅಥವಾ ಕೆಂಪು ಗುರುತು ಕಂಡರೆ ಪಾಪ್-ಅಪ್, ಅಂದರೆ ತಾಣ ತಾನೇ ತೆರೆಯುವ ಕಿಟಕಿ, ತಡೆಯಲಾಗಿದೆ ಎಂದರ್ಥ. ಫೈರ್‌ಫಾಕ್ಸ್ ಆದರೆ ಪುಟದ ಮೇಲ್ಭಾಗದಲ್ಲಿ ಒಂದು ಪಟ್ಟಿಯಲ್ಲಿ ಹೇಳುತ್ತದೆ. ಅದನ್ನು ಒತ್ತಿ, ಈ ತಾಣಕ್ಕೆ ಯಾವಾಗಲೂ ಅನುಮತಿ ಕೊಡು ಎನ್ನುವ ಆಯ್ಕೆ ಮಾಡಿ, ಮತ್ತೆ 'ವ್ಯೂ' ಒತ್ತಿ. ಸೈಬರ್ ಸೆಂಟರಿನವರು ಹಿಂದೆಯೇ ಈ ಅನುಮತಿ ಕೊಟ್ಟಿರುತ್ತಾರೆ.

ಇದು ಯಾಕೆ ಹೀಗೆ ಎಂದು ತಿಳಿದರೆ ಬೇರೆ ತಾಣಗಳಲ್ಲೂ ನಿಮಗೇ ಗೊತ್ತಾಗುತ್ತದೆ. ನೀವು ಲಿಂಕ್ ಒತ್ತಿ ತೆರೆಯುವ ಟ್ಯಾಬನ್ನು ಬ್ರೌಸರ್ ತಡೆಯುವುದಿಲ್ಲ. ನೀವು ಒತ್ತದೆ ತಾಣವೇ ತೆರೆಯಲು ನೋಡುವ ಕಿಟಕಿಯನ್ನು ಜಾಹೀರಾತು ಎಂದು ಅನುಮಾನಿಸಿ ತಡೆಯುತ್ತದೆ. ಕೆಲವು ತಾಣಗಳು ನೀವು ಬಟನ್ ಒತ್ತಿದ ಮೇಲೆ ಸರ್ವರಿನಿಂದ ಮಾಹಿತಿ ತರಿಸಿಕೊಂಡು, ಅದು ಬಂದ ಮೇಲೆ ಕಿಟಕಿ ತೆರೆಯುತ್ತವೆ. ನೆಟ್ ಜೋರಾಗಿದ್ದರೆ ಇದು ತಕ್ಷಣ ಆಗುತ್ತದೆ, ನಿಮ್ಮ ಒತ್ತಿನ ಫಲ ಎಂದು ಬ್ರೌಸರ್ ಒಪ್ಪುತ್ತದೆ. ನೆಟ್ ನಿಧಾನವಾಗಿ ಕೆಲವು ಸೆಕೆಂಡ್ ತಡವಾದರೆ, ಇದು ನೀವು ಕೇಳಿದ್ದಲ್ಲ ಎಂದು ತಡೆಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಬಂದ ಪುಟ ಸಂಜೆ ಬಾರದಿರುವುದಕ್ಕೂ ಇದು ಕಾರಣ ಆಗಬಹುದು. ತಾಣ ಮಾಡುವವರು ಹಳ್ಳಿಯ ನೆಟ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡಿದರೆ ಈ ತೊಂದರೆ ಅವರಿಗೇ ಕಾಣುತ್ತದೆ. ರೈತರು ಒಂದು ಕಾಗದಕ್ಕಾಗಿ ಬಸ್ ಹತ್ತಿ ಪಟ್ಟಣಕ್ಕೆ ಹೋಗುವುದು ತಪ್ಪುತ್ತದೆ.

ಅನುಮತಿಯನ್ನು ಆ ಒಂದು ತಾಣಕ್ಕೆ ಮಾತ್ರ ಕೊಡಿ. ಪಾಪ್-ಅಪ್ ತಡೆಯನ್ನು ಪೂರ್ತಿ ತೆಗೆದುಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಪಾಪ್-ಅಪ್ಸ್ ಅಂಡ್ ರೀಡೈರೆಕ್ಟ್ಸ್ ಎಂಬಲ್ಲಿಗೆ ಹೋದರೆ ಯಾವ ಯಾವ ತಾಣಕ್ಕೆ ಅನುಮತಿ ಕೊಟ್ಟಿದ್ದೀರಿ ಎಂದು ನೋಡಬಹುದು, ಬೇಡವಾದದ್ದನ್ನು ತೆಗೆಯಬಹುದು.

ಪ್ರಶ್ನೆ: ಒಂದು ಟ್ಯಾಬಿನಲ್ಲಿ ಸುದ್ದಿ ಓದುತ್ತಿದ್ದೆ, ಲಿಂಕ್ ಒತ್ತಿ ಇನ್ನೊಂದಕ್ಕೆ ಹೋದೆ. ವಾಪಸ್ ಬಂದು ನೋಡಿದರೆ ಮೊದಲಿನ ಟ್ಯಾಬಿನಲ್ಲಿ ಇಮೇಲ್ ಲಾಗಿನ್ ಪುಟ ಇತ್ತು! ನಾನು ಅದನ್ನು ತೆರೆದೇ ಇರಲಿಲ್ಲ. ಪಾಸ್‌ವರ್ಡ್ ಹಾಕದೆ ಮುಚ್ಚಿದೆ. ಸರಿ ಮಾಡಿದೆನಾ?
(ಗೃಹಿಣಿ, ಮೈಸೂರು)

ಉತ್ತರ: ಸರಿಯಾದ್ದನ್ನೇ ಮಾಡಿದ್ದೀರಿ. ಇದು ಗೊತ್ತಿರುವ ಮೋಸ, ಇದಕ್ಕೆ 'ಟ್ಯಾಬ್‌ನ್ಯಾಬಿಂಗ್' ಎಂಬ ಹೆಸರೂ ಇದೆ. ಆಗ ಫೈರ್‌ಫಾಕ್ಸ್ ತಂಡದಲ್ಲಿದ್ದ ಅಜಾ ರಾಸ್ಕಿನ್ 2010ರಲ್ಲಿ ಇದನ್ನು ಮಾಡಿ ತೋರಿಸಿ ಎಚ್ಚರಿಸಿದ್ದರು. ನೀವು ಬೇರೆ ಟ್ಯಾಬಿಗೆ ಹೋಗಿದ್ದೀರಿ ಎಂದು ಪುಟಕ್ಕೆ ತಿಳಿಯುತ್ತದೆ. ಆ ಹೊತ್ತಿನಲ್ಲಿ ಅದು ತನ್ನ ಹೆಸರು, ಸಣ್ಣ ಚಿತ್ರ, ರೂಪ ಎಲ್ಲ ಬದಲಿಸಿಕೊಂಡು ಇಮೇಲ್ ಅಥವಾ ಬ್ಯಾಂಕಿನ ಲಾಗಿನ್ ಪುಟದ ವೇಷ ಹಾಕುತ್ತದೆ. ಹತ್ತಾರು ಟ್ಯಾಬ್ ತೆರೆದವರು, 'ಓ, ಲಾಗೌಟ್ ಆಗಿರಬೇಕು' ಎಂದುಕೊಂಡು ಪಾಸ್‌ವರ್ಡ್ ಹಾಕಿಬಿಡುತ್ತಾರೆ.

ಇದರ ಇನ್ನೊಂದು ರೂಪ, ಹೊಸದಾಗಿ ತೆರೆದ ಟ್ಯಾಬು ತನ್ನನ್ನು ತೆರೆದ ಹಳೇ ಟ್ಯಾಬನ್ನು ಬೇರೆ ಕಡೆಗೆ ಕಳಿಸುವುದು. ತುಂಬಾ ವರ್ಷ ಹೊಸ ಟ್ಯಾಬ್ ಲಿಂಕುಗಳಲ್ಲಿ ಈ ಕಿಂಡಿ ತೆರೆದೇ ಇತ್ತು, ಪುಟ ಮಾಡಿದವರು 'ನೋ-ಓಪನರ್' ಎಂದು ಪ್ರತ್ಯೇಕವಾಗಿ ಬರೆದಿದ್ದರೆ ಮಾತ್ರ ಮುಚ್ಚುತ್ತಿತ್ತು. ಈಗ ಸಾಮಾನ್ಯ ಲಿಂಕುಗಳಲ್ಲಿ ಬ್ರೌಸರುಗಳೇ ಅದನ್ನು ಮುಚ್ಚಿವೆ: ಸಫಾರಿ 2019ರಲ್ಲಿ, ಫೈರ್‌ಫಾಕ್ಸ್ 2020ರಲ್ಲಿ 79ನೇ ಆವೃತ್ತಿಯಿಂದ, ಕ್ರೋಮ್ 2021ರಲ್ಲಿ 88ನೇ ಆವೃತ್ತಿಯಿಂದ. ಬ್ರೌಸರ್ ಅಪ್‌ಡೇಟ್ ಮಾಡಿ ಎಂದು ನಾವು ಮತ್ತೆ ಮತ್ತೆ ಹೇಳುವುದು ಇಂಥ ಕಾರಣಕ್ಕೇ. ಹಳೇ ವಿಂಡೋಸ್‌ನ ಮೇಲೆ ಹಳೇ ಕ್ರೋಮ್ ಓಡಿಸುತ್ತಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಆದರೆ ಮೊದಲು ಹೇಳಿದ ಮೋಸ, ಪುಟ ತಾನೇ ವೇಷ ಬದಲಿಸುವುದು, ಅಪ್‌ಡೇಟ್‌ನಿಂದ ನಿಲ್ಲುವುದಿಲ್ಲ. ಲಾಗಿನ್ ಪುಟ ತಾನಾಗಿ ಎದುರಿಗೆ ಬಂದರೆ ಅದರಲ್ಲಿ ಪಾಸ್‌ವರ್ಡ್ ಹಾಕಬೇಡಿ. ಆ ಟ್ಯಾಬ್ ಮುಚ್ಚಿ, ಹೊಸ ಟ್ಯಾಬ್ ತೆರೆದು, ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಕೊಂಡವರಿಗೆ ಇನ್ನೊಂದು ಸುಳಿವು ಸಿಗುತ್ತದೆ: ವಿಳಾಸ ಬೇರೆ ಇದ್ದರೆ ಬ್ರೌಸರ್ ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ಅದು ತುಂಬಲಿಲ್ಲ ಎಂದು ಕೈಯಾರೆ ತುಂಬಲು ಹೋಗಬೇಡಿ, ಅಲ್ಲೇ ನಿಂತು ವಿಳಾಸ ನೋಡಿ. ಯಾರಾದರೂ ಹೀಗೆ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ.

ಪ್ರಶ್ನೆ: ಮೊಬೈಲಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗಿನ ಲಿಂಕ್ ಒತ್ತಿದರೆ ಕ್ರೋಮ್‌ಗೆ ಹೋಗುವುದೇ ಇಲ್ಲ, ಅಲ್ಲೇ ಒಳಗೆ ತೆರೆಯುತ್ತದೆ. ಅರ್ಧ ಓದಿ ಹಿಂದೆ ಬಂದರೆ ಪುಟ ಮತ್ತೆ ಸಿಗುವುದಿಲ್ಲ.
(ಖಾಸಗಿ ಕಂಪನಿ ನೌಕರ, ಹುಬ್ಬಳ್ಳಿ)

ಉತ್ತರ: ಆ ಆ್ಯಪ್‌ಗಳು ತಮ್ಮದೇ ಪುಟ್ಟ ಬ್ರೌಸರನ್ನು ಒಳಗೆ ಇಟ್ಟುಕೊಂಡಿವೆ. ನೀವು ಹೊರಗೆ ಹೋಗಬಾರದು ಎನ್ನುವುದು ಅವರ ಆಸೆ. ಅಲ್ಲಿ ಟ್ಯಾಬ್ ಇಲ್ಲ, ಕ್ರೋಮ್‌ನಲ್ಲಿ ನೀವು ಮಾಡಿದ ಲಾಗಿನ್ ಅಲ್ಲಿ ನಡೆಯುವುದಿಲ್ಲ, ಓದಿದ್ದು ಕ್ರೋಮ್‌ನ ಹಿಸ್ಟರಿಯಲ್ಲೂ ಉಳಿಯುವುದಿಲ್ಲ. ಪುಟ ತೆರೆದ ಕೂಡಲೇ ಮೂಲೆಯ ಮೂರು ಚುಕ್ಕೆ ಒತ್ತಿ, ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆ ಒತ್ತಿ. ಆಮೇಲೆ ಅದು ಕ್ರೋಮ್‌ನಲ್ಲಿ ಟ್ಯಾಬ್ ಆಗಿ ಉಳಿಯುತ್ತದೆ. ಆ ಪುಟ್ಟ ಬ್ರೌಸರಿನಲ್ಲಿ ಪಾಸ್‌ವರ್ಡಾಗಲಿ, ಕಾರ್ಡ್ ನಂಬರಾಗಲಿ ಹಾಕದಿರುವುದು ಒಳ್ಳೆಯದು. ಆ ಕಿಟಕಿಯಲ್ಲಿ ನಡೆಯುವುದನ್ನು ನೋಡುವ ಶಕ್ತಿ ಆ್ಯಪ್‌ಗೆ ಇರುತ್ತದೆ.

ಜಿಮೇಲ್‌ನದು ಸ್ವಲ್ಪ ಬೇರೆ. ಆಂಡ್ರಾಯ್ಡ್‌ನಲ್ಲಿ ಅದು ಒಳಗೇ ತೆರೆದ ಹಾಗೆ ಕಂಡರೂ ಹಿಂದೆ ಕೆಲಸ ಮಾಡುವುದು ನಿಮ್ಮ ಬ್ರೌಸರೇ, ಹಾಗಾಗಿ ಲಾಗಿನ್ ಉಳಿದಿರುತ್ತದೆ. ಅದೂ ಬೇಡ, ನೇರವಾಗಿ ಬ್ರೌಸರಿಗೇ ಹೋಗಲಿ ಅಂದರೆ ಜಿಮೇಲ್‌ನ ಜನರಲ್ ಸೆಟ್ಟಿಂಗ್ಸ್‌ನಲ್ಲಿ 'ಓಪನ್ ವೆಬ್ ಲಿಂಕ್ಸ್ ಇನ್ ಜಿಮೇಲ್' ಎಂಬುದರ ಟಿಕ್ ತೆಗೆಯಿರಿ. ಟೆಲಿಗ್ರಾಂನಲ್ಲೂ ಒಳಗಿನ ಬ್ರೌಸರನ್ನು ಆಫ್ ಮಾಡಬಹುದು.

ಬ್ರೌಸರಿನ ಒಳಗೆ ಬಂದ ಮೇಲೆ ಲಿಂಕನ್ನು ಸುಮ್ನೆ ತಟ್ಟುವ ಬದಲು ಒತ್ತಿ ಹಿಡಿಯಿರಿ, ಹೊಸ ಟ್ಯಾಬಿನ ಆಯ್ಕೆ ಬರುತ್ತದೆ. ಫೋನಿನಲ್ಲಿ ಇದೇ ನಿಮ್ಮ ಕಂಟ್ರೋಲ್ ಕೀ. ಐಫೋನ್ ಇದ್ದವರು ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ 'ಓಪನ್ ಲಿಂಕ್ಸ್' ಎಂಬಲ್ಲಿ ಅದು ಎದುರಿಗೆ ತೆರೆಯಬೇಕಾ, ಹಿಂದೆ ತೆರೆಯಬೇಕಾ ಎಂದು ಆರಿಸಬಹುದು.

ಪ್ರಶ್ನೆ: ನನ್ನ ಫೋನಿನ ಕ್ರೋಮ್‌ನಲ್ಲಿ ಟ್ಯಾಬ್ ಎಷ್ಟಿವೆ ಎಂದು ತೋರಿಸುವ ಚೌಕದಲ್ಲಿ ಸಂಖ್ಯೆ ಹೋಗಿ ನಗುಮುಖದ ಗುರುತು ಬಂದಿದೆ. ವೈರಸ್ಸಾ?
(ಪಿಯುಸಿ ವಿದ್ಯಾರ್ಥಿನಿ, ಉಡುಪಿ)

ಉತ್ತರ: ವೈರಸ್ ಅಲ್ಲ. ನಿಮ್ಮ ಟ್ಯಾಬುಗಳು 99 ದಾಟಿವೆ, ಅಷ್ಟೇ. ಅದಕ್ಕಿಂತ ಜಾಸ್ತಿ ಆದರೆ ಆಂಡ್ರಾಯ್ಡ್ ಕ್ರೋಮ್ ಸಂಖ್ಯೆ ಬದಲು ಆ ಗುರುತು ಹಾಕುತ್ತದೆ. ಟ್ಯಾಬುಗಳ ಪುಟದಲ್ಲಿ ಮೂರು ಚುಕ್ಕೆ ಒತ್ತಿದರೆ ಎಲ್ಲವನ್ನೂ ಒಟ್ಟಿಗೆ ಮುಚ್ಚಬಹುದು, ಬೇಕಾದ ಪುಟಗಳಿಗೆ ಮೊದಲೇ ನಕ್ಷತ್ರದ ಗುರುತು ಒತ್ತಿ ಬುಕ್‌ಮಾರ್ಕ್ ಮಾಡಿಕೊಳ್ಳಿ. ಐಫೋನಿನ ಸಫಾರಿಯಲ್ಲಿ ಹಳೇ ಟ್ಯಾಬುಗಳು ಒಂದು ದಿನ, ಒಂದು ವಾರ ಅಥವಾ ಒಂದು ತಿಂಗಳ ಮೇಲೆ ತಾವೇ ಮುಚ್ಚುವ ಹಾಗೆ ಇಡಬಹುದು.

ಪ್ರಶ್ನೆ: ನಮ್ಮ ಊರಿನ ಯಕ್ಷಗಾನ ಸಂಘಕ್ಕೆ ನಾನೇ ಒಂದು ಸಣ್ಣ ವೆಬ್‌ಸೈಟ್ ಮಾಡುತ್ತಿದ್ದೇನೆ. ಹೊರಗಿನ ಲಿಂಕುಗಳನ್ನು ಹೊಸ ಟ್ಯಾಬಿನಲ್ಲಿ ತೆರೆಯುವ ಹಾಗೆ ಮಾಡಿದರೆ ಜನ ನಮ್ಮ ಸೈಟ್ ಬಿಟ್ಟು ಹೋಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಮಾಡಲೇ?
(ಓದುಗರು, ಹೊನ್ನಾವರ)

ಉತ್ತರ: ಬೇಡ ಎನ್ನುತ್ತೇನೆ. ನೀವು ಟಾರ್ಗೆಟ್ ಬರೆಯದೆ ಬಿಟ್ಟರೆ ಓದುಗರಿಗೆ ಎರಡು ದಾರಿ ಇರುತ್ತದೆ: ಸುಮ್ನೆ ಒತ್ತಿದರೆ ಅದೇ ಟ್ಯಾಬ್, ಕಂಟ್ರೋಲ್ ಹಿಡಿದರೆ ಹೊಸದು. ನೀವು ಬ್ಲ್ಯಾಂಕ್ ಬರೆದರೆ ಮೊದಲನೇ ದಾರಿ ಮುಚ್ಚಿತು, ಹೆಚ್ಚಿನ ಬ್ರೌಸರುಗಳಲ್ಲಿ ಅದನ್ನು ಮತ್ತೆ ತೆರೆಯುವ ಉಪಾಯ ಓದುಗರ ಕೈಯಲ್ಲಿ ಇರುವುದಿಲ್ಲ. ನ್ಯೂಜೆರ್ಸಿಯವರ ತಂದೆಯಂಥವರು ನಿಮ್ಮ ಸೈಟಿಗೂ ಬರುತ್ತಾರೆ, ಅಲ್ವಾ? ಯಕ್ಷಗಾನದ ಅಭಿಮಾನಿಗಳಲ್ಲಿ ಹಿರಿಯರು ಜಾಸ್ತಿ. ಪರದೆ ಕಾಣದವರು ಸ್ಕ್ರೀನ್ ರೀಡರ್ ಬಳಸಿ ಪುಟ ಕೇಳುತ್ತಾರೆ. ಗೊತ್ತಿಲ್ಲದೆ ಹೊಸ ಟ್ಯಾಬಿಗೆ ಹೋದರೆ ಅವರಿಗೆ ದಾರಿ ತಪ್ಪಿದ ಹಾಗೆ. ಎಲ್ಲರಿಗೂ ನಿಲುಕುವ ಪುಟ ಮಾಡುವ ಬಗ್ಗೆ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಕೊಡುವ ಮಾರ್ಗದರ್ಶಿಯಲ್ಲೂ, ಹೊಸ ವಿಂಡೋ ತೆರೆಯುವುದಾದರೆ ಮೊದಲೇ ತಿಳಿಸಿ ಎಂದಿದೆ. ಈ ಚರ್ಚೆ ಹೊಸದೇನಲ್ಲ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1999ರ 4.01 ಆವೃತ್ತಿಯ ಕಟ್ಟುನಿಟ್ಟಿನ ರೂಪದಲ್ಲಿ ಟಾರ್ಗೆಟ್‌ಗೆ ಜಾಗವೇ ಇರಲಿಲ್ಲ, ಎಚ್‌ಟಿಎಂಎಲ್ 5ರಲ್ಲಿ ಅದು ಮತ್ತೆ ಒಳಗೆ ಬಂತು.

ಎಲ್ಲಿ ಬ್ಲ್ಯಾಂಕ್ ಸರಿ ಅಂದರೆ, ಪುಟ ಬಿಟ್ಟರೆ ಓದುಗರ ಕೆಲಸ ಹಾಳಾಗುವ ಕಡೆ. ನಿಮ್ಮ ಸೈಟಿನಲ್ಲಿ ಟಿಕೆಟ್ ಕಾಯ್ದಿರಿಸುವ ಫಾರಂ ಇದೆ ಎಂದುಕೊಳ್ಳಿ. ಅರ್ಧ ತುಂಬಿದವರು 'ನಿಯಮಗಳು' ಎಂಬ ಲಿಂಕ್ ಒತ್ತಿದಾಗ ತುಂಬಿದ್ದೆಲ್ಲ ಅಳಿಸಿಹೋಗಬಾರದು, ಅಲ್ಲಿ ಹೊಸ ಟ್ಯಾಬ್ ಕೊಡಿ. ಪ್ರಸಂಗದ ವಿಡಿಯೋ ಓಡುತ್ತಿರುವಾಗ ಕಲಾವಿದರ ಪರಿಚಯ ನೋಡಲು ಕೊಡುವ ಲಿಂಕಿಗೂ ಇದೇ ಮಾತು. ಅಂಥ ಕಡೆ ಲಿಂಕಿನ ಪಕ್ಕ 'ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ' ಎಂದು ಕನ್ನಡದಲ್ಲೇ ಬರೆಯಿರಿ. ಹಳೇ ಬ್ರೌಸರ್ ಬಳಸುವವರಿಗಾಗಿ 'ನೋ-ಓಪನರ್' ಕೂಡ ಸೇರಿಸಿ, ಅದಕ್ಕೆ ಖರ್ಚಿಲ್ಲ.

ಸೈಟ್ ಚೆನ್ನಾಗಿದ್ದರೆ ಜನ ಹಿಂದಿನ ಬಾಣ ಒತ್ತಿ ವಾಪಸ್ ಬರುತ್ತಾರೆ. ಆ ಬಾಣ ಕೆಲಸ ಮಾಡುವ ಹಾಗೆ ಬಿಡಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಕ್ರೋಮ್ ಅನ್ನೇ ಡೀಫಾಲ್ಟ್ ಮಾಡಿದ್ದೇನೆ. ಆದರೂ ಔಟ್‌ಲುಕ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಎಡ್ಜ್‌ನಲ್ಲೇ ತೆರೆಯುತ್ತದೆ.
(ಲೆಕ್ಕಪರಿಶೋಧಕರು, ಮಂಗಳೂರು)

ಉತ್ತರ: ಔಟ್‌ಲುಕ್‌ಗೆ ಬೇರೆಯದೇ ಸೆಟ್ಟಿಂಗ್ ಇದೆ, ವಿಂಡೋಸ್‌ನ ಡೀಫಾಲ್ಟ್ ಅನ್ನು ಅದು ಕೇಳುವುದಿಲ್ಲ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋಗಿ 'ಲಿಂಕ್ ಹ್ಯಾಂಡ್ಲಿಂಗ್' ಎಂಬ ಭಾಗ ಹುಡುಕಿ, ಅಲ್ಲಿ 'ಡೀಫಾಲ್ಟ್ ಬ್ರೌಸರ್' ಆರಿಸಿ. ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ನಿಮ್ಮ ಐಟಿ ವಿಭಾಗದವರು ಬಿಗಿ ಮಾಡಿಟ್ಟಿರಬಹುದು, ಆಗ ಅವರನ್ನೇ ಕೇಳಬೇಕು.

ಪ್ರಶ್ನೆ: ಕೈತಪ್ಪಿ ಮುಚ್ಚಿದ ಟ್ಯಾಬ್ ವಾಪಸ್ ಬರುತ್ತದಾ?
(ಓದುಗರು, ರಾಯಚೂರು)

ಉತ್ತರ: ಬರುತ್ತದೆ. ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಮತ್ತೆ ಒತ್ತಿದರೆ ಅದಕ್ಕಿಂತ ಮೊದಲು ಮುಚ್ಚಿದ್ದು ಬರುತ್ತದೆ, ಹಿಂದಿನ ಬಾಣದ ಇತಿಹಾಸವೂ ಜೊತೆಗೇ ಬರುತ್ತದೆ. ಪೂರ್ತಿ ವಿಂಡೋ ಮುಚ್ಚಿಹೋಗಿದ್ದರೂ ಬ್ರೌಸರ್ ಮತ್ತೆ ತೆರೆದು ಇದೇ ಕೀಗಳನ್ನು ಒತ್ತಿ ನೋಡಿ. ಕ್ರೋಮ್‌ನ ಇನ್‌ಕಾಗ್ನಿಟೋ, ಅಂದರೆ ಹಿಸ್ಟರಿ ಉಳಿಸದ ಖಾಸಗಿ ವಿಂಡೋದಲ್ಲಿ ಮುಚ್ಚಿದ್ದು ಮಾತ್ರ ಸಿಗುವುದಿಲ್ಲ.